ಶೂಟ್‌ಗೆ ಮೊದಲೇ ಬರೆದಿಡುವ ಹಣದ ಮಾತು

‘30 ದಿನದಲ್ಲಿ ಪೇಮೆಂಟ್’ ಎಂದು ಫೋಟೊ ಕೆಲಸದ ಕೊಟೇಶನ್‌ನಲ್ಲಿ ಬರೆದರೆ ಏನನ್ನೂ ಬರೆದಂತಾಗುವುದಿಲ್ಲ. ಯಾವ ದಿನದಿಂದ 30? ಶೂಟ್ ಮುಗಿದ ದಿನದಿಂದಲೋ, ಫೈಲ್ ಕೊಟ್ಟ ದಿನದಿಂದಲೋ, ಬಿಲ್ ಅಕೌಂಟ್ಸ್ ಟೇಬಲ್ ಮುಟ್ಟಿದ ದಿನದಿಂದಲೋ, ಕ್ಯಾಟಲಾಗ್ ಅಚ್ಚಾದ ದಿನದಿಂದಲೋ? ನನ್ನ ಕೊಟೇಶನ್‌ನಲ್ಲಿ ಎಣಿಕೆ ಶುರುವಾಗುವುದು ನನ್ನ ಕೈಯಲ್ಲಿರುವ ಮೂರು ಹಂತಗಳಿಂದ ಮಾತ್ರ: ತಾರೀಕು ಹಿಡಿದದ್ದು, ಪ್ರೂಫ್ (ಆಯ್ಕೆಗೆ ತೋರಿಸುವ ಮಾದರಿ ಚಿತ್ರಗಳು) ಕಳಿಸಿದ್ದು, ಫೈನಲ್ ಫೈಲ್ ಕೊಟ್ಟದ್ದು. ಅಚ್ಚು, ಜಾಹೀರಾತಿನ ಬಿಡುಗಡೆ, ಹೆಡ್ ಆಫೀಸಿನ ಒಪ್ಪಿಗೆ ಎಲ್ಲ ಗಿರಾಕಿಯ ಕೈಯಲ್ಲಿರುವಂಥವು. ಹಣವನ್ನು ಅವಕ್ಕೆ ಗಂಟು ಹಾಕುವುದಿಲ್ಲ.

ಮೈಸೂರಿನಲ್ಲಿ ನನಗೆ ಬರುವ ಕೆಲಸ ಮುಖ್ಯವಾಗಿ ಮೂರು ಕಡೆಯದು. ರೇಷ್ಮೆ ಸೀರೆ ಅಂಗಡಿ, ಅಗರಬತ್ತಿ, ಸಿಹಿತಿಂಡಿಯಂಥ ಮನೆತನದ ವ್ಯಾಪಾರ ಒಂದು. ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನ ಕಾರ್ಖಾನೆಗಳು ಇನ್ನೊಂದು. ಬೆಂಗಳೂರಿನ ಜಾಹೀರಾತು ಏಜೆನ್ಸಿಗಳು ಮೂರನೆಯದು. ಅಂಗಡಿಯಲ್ಲಿ ಹಣ ಯಜಮಾನರ ಕೈಯಿಂದ ಬರುತ್ತದೆ, ಅಡ್ವಾನ್ಸ್ ಸುಲಭ, ಬ್ಯಾಲೆನ್ಸ್ ಕಷ್ಟ. ಕಾರ್ಖಾನೆಯಲ್ಲಿ ಅಡ್ವಾನ್ಸ್ ಕಷ್ಟ, ಆದರೆ ಪಿಒ (ಕಂಪನಿಯ ಲಿಖಿತ ಆರ್ಡರ್) ಕೈಗೆ ಬಂದು ಬಿಲ್ ಸರಿಯಿದ್ದರೆ ಬ್ಯಾಲೆನ್ಸ್ ಬರುತ್ತದೆ. ಏಜೆನ್ಸಿಯವರು ‘ನಮ್ಮ ಕ್ಲೈಂಟ್ ಕೊಟ್ಟ ಮೇಲೆ’ ಎನ್ನುತ್ತಾರೆ. ನನಗೆ ಕೆಲಸ ಒಪ್ಪಿಸಿದವರು ಏಜೆನ್ಸಿ, ಹಣ ಕೊಡಬೇಕಾದವರೂ ಏಜೆನ್ಸಿಯೇ. ಹಾಗೆಂದು ಒಂದು ಸಾಲು ಬರೆಸಿಕೊಳ್ಳದೆ ಅವರ ಕೆಲಸ ಹಿಡಿಯುವುದಿಲ್ಲ.

ಅಡ್ವಾನ್ಸ್ ಎಷ್ಟು ಎಂಬಲ್ಲಿ ಹೆಚ್ಚಿನವರು ಲೆಕ್ಕ ತಪ್ಪುತ್ತಾರೆ. ‘ಅರ್ಧ ಅಡ್ವಾನ್ಸ್, ಅರ್ಧ ಆಮೇಲೆ’ ಕೇಳಲು ಚೆನ್ನ. ಒಂದು ದಿನದ ಸೀರೆ ಶೂಟ್‌ನ ಲೆಕ್ಕವನ್ನು ಉದಾಹರಣೆಗೆ ಹಾಕಿ ನೋಡಿ. ನನ್ನ ದಿನದ ಫೀ 25,000. ಒಂದಕ್ಕೆ 400ರಂತೆ 30 ಚಿತ್ರಗಳ ರೀಟಚಿಂಗ್ (ಕಂಪ್ಯೂಟರ್‌ನಲ್ಲಿ ತಿದ್ದುವುದು) 12,000. ಮಾಡೆಲ್ 15,000, ಮೇಕಪ್ 6,000, ಲೈಟ್ ಬಾಡಿಗೆ 5,000, ಅಸಿಸ್ಟೆಂಟ್ 2,500. ಒಟ್ಟು 65,500. ಇದರ ಅರ್ಧ 32,750. ಕೈಯಿಂದ ಹೋಗುವ ಖರ್ಚೇ 28,500. ಅಂದರೆ ಶೂಟ್ ಮುಗಿದ ಸಂಜೆ ನನ್ನ ದುಡಿಮೆಗೆ ಉಳಿದದ್ದು 4,250 ಮಾತ್ರ, ಮಿಕ್ಕಿದ್ದೆಲ್ಲ ಗಿರಾಕಿಯ ಬಳಿ. ಅದಕ್ಕೇ ನಾನು ಅಡ್ವಾನ್ಸನ್ನು ಶೇಕಡಾ ಲೆಕ್ಕದಲ್ಲಿ ಕೇಳುವುದಿಲ್ಲ. ಕೈಖರ್ಚು ಪೂರ್ತಿ, ಅದರ ಮೇಲೆ ಫೀ ಮತ್ತು ರೀಟಚಿಂಗ್‌ನ ಅರ್ಧ. ಇಲ್ಲಿ 28,500ಕ್ಕೆ 18,500 ಸೇರಿ 47,000. ಬ್ಯಾಲೆನ್ಸ್ 18,500. ಕೊಟೇಶನ್‌ನಲ್ಲಿ ಕೈಖರ್ಚನ್ನೂ ಫೀಯನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿದರೆ ಯಜಮಾನರು ಪ್ರಶ್ನಿಸುವುದು ಕಡಿಮೆ. ಮಾಡೆಲ್‌ಗೆ ಅದೇ ದಿನ ಕೊಡಬೇಕು ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ.

ಅಡ್ವಾನ್ಸ್ ಖಾತೆಗೆ ಬಿದ್ದ ಮೇಲೆಯೇ ತಾರೀಕು ಗಟ್ಟಿ. ಅದಕ್ಕೆ ಮೊದಲು ಬೇರೆಯವರು ಕೇಳಿದರೆ ಕೊಟ್ಟುಬಿಡುತ್ತೇನೆ, ಇದನ್ನೂ ಬರೆದಿರುತ್ತೇನೆ. ಶೂಟ್‌ಗೆ 48 ಗಂಟೆಯೊಳಗೆ ರದ್ದು ಮಾಡಿದರೆ ಫೀಯ ಅರ್ಧ ಮತ್ತು ಅಷ್ಟರಲ್ಲಿ ಆದ ಕೈಖರ್ಚು ವಾಪಸಿಲ್ಲ. ಹೊರಾಂಗಣ ಶೂಟ್ ಮಳೆಗೆ ನಿಂತರೆ ಒಂದು ಸಲ ಫೀ ಇಲ್ಲದೆ ಬೇರೆ ದಿನ ಕೊಡುತ್ತೇನೆ, ಕೈಖರ್ಚು ಮಾತ್ರ ಅವರದು.

ಸೀರೆ ಅಂಗಡಿಗಳ ವಿಚಾರದಲ್ಲಿ ಕ್ಯಾಲೆಂಡರ್ ನೋಡಲೇಬೇಕು. ಶ್ರಾವಣದ ವರಮಹಾಲಕ್ಷ್ಮಿಗೆ ಬೇಕಾದ ಚಿತ್ರಗಳನ್ನು ಆಷಾಢದಲ್ಲಿ ತೆಗೆಯುತ್ತೇವೆ. ಆಷಾಢದಲ್ಲಿ ಮದುವೆ ಇಲ್ಲ, ಗಲ್ಲಾಪೆಟ್ಟಿಗೆ ಸೊರಗಿರುತ್ತದೆ. ‘ಹಬ್ಬ ಕಳೀಲಿ, ಕೊಡೋಣ’ ಎನ್ನುವವರು ನಿಜವನ್ನೇ ಹೇಳುತ್ತಿರುತ್ತಾರೆ. ಆದರೆ ವರಮಹಾಲಕ್ಷ್ಮಿ ಕಳೆದರೆ ಗೌರಿ-ಗಣೇಶ, ಅದು ಕಳೆದರೆ ದಸರಾ, ಆಮೇಲೆ ದೀಪಾವಳಿ. ಹಬ್ಬ ಎಂಬುದು ತಾರೀಕಲ್ಲ. ಸಮಯ ಕೇಳಿದರೆ ಕೊಡುತ್ತೇನೆ, ಇಂಥ ತಿಂಗಳು ಇಂಥ ತಾರೀಕು ಎಂದು ಬರೆದು, ಅದೇ ತಾರೀಕಿನ ಚೆಕ್ ಪಡೆದು. ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಕಿನಿಂದ 3 ತಿಂಗಳು. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ ಮೇಲೆ ಅವರಿಗೆ 15 ದಿನ ಕಾಲಾವಕಾಶ. ‘ಇನ್ನೊಂದು ಸಲ ಹಾಕಿ ನೋಡಿ’ ಎಂಬ ಮಾತು ಕೇಳುತ್ತಾ ಕೂತು ಆ 30 ದಿನ ಕಳೆದುಕೊಳ್ಳಬಾರದು.

ಪ್ರೂಫ್ ಕಳಿಸುವುದರಲ್ಲೂ ಹಣ ಸೋರುತ್ತದೆ. ಇನ್‌ಸ್ಟಾಗ್ರಾಂಗೆ 1080 ಪಿಕ್ಸೆಲ್ ಅಗಲ ಸಾಕು. 1200 ಪಿಕ್ಸೆಲ್ ಪ್ರೂಫ್ ಕಳಿಸಿದರೆ ಸಣ್ಣ ವ್ಯಾಪಾರಿಗೆ ಅದೇ ಫೈನಲ್ ಫೈಲ್, ಬ್ಯಾಲೆನ್ಸ್ ಕೊಡುವ ಅವಸರವೇ ಉಳಿಯುವುದಿಲ್ಲ. ನಾನು ಒಂದು ಪುಟಕ್ಕೆ 9 ಚಿತ್ರಗಳ ಪಿಡಿಎಫ್ ಕಳಿಸುತ್ತೇನೆ. ವಾಟರ್‌ಮಾರ್ಕ್ ಮೂಲೆಯಲ್ಲಿದ್ದರೆ ಕತ್ತರಿಸಿಬಿಡಬಹುದು, ಹಾಗಾಗಿ ಅದನ್ನು ಸರಕಿನ ಮೇಲೇ ಹಾಯಿಸುತ್ತೇನೆ. ಆಯ್ಕೆಗೆ 7 ದಿನ, ತಿದ್ದುಪಡಿ ಎರಡು ಸುತ್ತು. 7 ದಿನದಲ್ಲಿ ಆಯ್ಕೆ ಬರದಿದ್ದರೆ ಪ್ರೂಫ್ ಕಳಿಸಿದ 10ನೇ ದಿನ ಬ್ಯಾಲೆನ್ಸ್ ಕೊಡಬೇಕಾಗುತ್ತದೆ ಎಂಬ ಸಾಲು ಇಲ್ಲದಿದ್ದರೆ ಕೆಲಸ ಕೊನೆಯಿಲ್ಲದೆ ತೂಗಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಬೆಲೆಯ ಸಾಲು ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಡುವ ಕರಾರಿನ ಮೇಲೆ ಯಾರೋ ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರ ತೆಗೆಸಿದವನೇ, ಬೇರೆ ಒಪ್ಪಂದ ಇಲ್ಲದಿದ್ದರೆ. ‘ದುಡ್ಡು ಕೊಡುವವರೆಗೆ ಫೋಟೊ ನನ್ನದು’ ಎಂದು ನಮ್ಮ ಕಸುಬಿನವರು ನಂಬಿಕೊಂಡಿರುವುದು ಬರೆದಿಟ್ಟರೆ ಮಾತ್ರ ನಿಜ. ನಾನು ಬರೆಯುವುದು ಹೀಗೆ: ‘ಚಿತ್ರಗಳ ಕೃತಿಸ್ವಾಮ್ಯ ಛಾಯಾಗ್ರಾಹಕರಲ್ಲೇ ಇರುತ್ತದೆ. ಪೂರ್ತಿ ಹಣ ಸಂದಾಯವಾದ ದಿನದಿಂದ ಗಿರಾಕಿಗೆ ಭಾರತದೊಳಗೆ ವೆಬ್‌ಸೈಟ್, ಸಾಮಾಜಿಕ ಜಾಲತಾಣ ಮತ್ತು ಕ್ಯಾಟಲಾಗ್‌ನಲ್ಲಿ 2 ವರ್ಷ ಬಳಸುವ ಲೈಸೆನ್ಸ್ ಇರುತ್ತದೆ. ಹೋರ್ಡಿಂಗ್ ಮತ್ತು ಪ್ಯಾಕಿಂಗ್‌ಗೆ ಬೇರೆ ದರ.’ ಇದರ ಕೆಳಗೆ ಇಬ್ಬರ ಸಹಿ. ಹಣ ಕೊಡದೆ ಚಿತ್ರ ಬಳಸಿದರೆ ಆಗ ಅದು ಬರೀ ಬಾಕಿಯಲ್ಲ, ಹಕ್ಕಿನ ಉಲ್ಲಂಘನೆ. ಈ ಒಂದು ಸಾಲಿಗೆ ಅಕೌಂಟ್ಸ್‌ನವರಿಗಿಂತ ಮೊದಲು ಮಾರ್ಕೆಟಿಂಗ್‌ನವರು ಎಚ್ಚರಗೊಳ್ಳುತ್ತಾರೆ.

ಕಾರ್ಖಾನೆಯ ಬಿಲ್ ವಾಪಸ್ ಬರುವುದು ಸಣ್ಣ ಕಾರಣಗಳಿಗೆ. ಪಿಒ ನಂಬರ್ ಇಲ್ಲ, ಪಿಒದಲ್ಲಿ ‘ಪ್ರಾಡಕ್ಟ್ ಫೋಟೊಗ್ರಫಿ’ ಎಂದಿದ್ದರೆ ಬಿಲ್‌ನಲ್ಲಿ ‘ಕ್ಯಾಟಲಾಗ್ ಶೂಟ್’ ಎಂದಿದೆ, ಕಂಪನಿಯ ಹೆಸರು ಬೋರ್ಡಿನ ಮೇಲಿದ್ದಂತೆ ಬರೆದಿದೆ ಹೊರತು ಜಿಎಸ್‌ಟಿ ನೋಂದಣಿಯಲ್ಲಿದ್ದಂತೆ ಇಲ್ಲ. ವಾಪಸ್ ಬಂದ ಬಿಲ್‌ಗೆ ಅವರ ಅಕೌಂಟ್ಸ್‌ನಲ್ಲಿ ದಿನದ ಎಣಿಕೆ ಮತ್ತೆ ಒಂದರಿಂದ ಶುರು. ಆದ್ದರಿಂದ ಬಿಲ್‌ನ ಕರಡನ್ನು ಅಕೌಂಟ್ಸ್‌ಗೆ ಮೊದಲೇ ಮೇಲ್ ಮಾಡಿ, ಸರಿ ಎಂದ ಮೇಲೆ ಅಸಲು ಕಳಿಸುತ್ತೇನೆ. ಅವರು ತಿಂಗಳಲ್ಲಿ ಯಾವ ತಾರೀಕಿಗೆ ಪೇಮೆಂಟ್ ಬಿಡುತ್ತಾರೆ ಎಂದೂ ಅದೇ ಮೇಲ್‌ನಲ್ಲಿ ಕೇಳುತ್ತೇನೆ.

ವರ್ಷದ ವಹಿವಾಟು 20 ಲಕ್ಷ ದಾಟಿ ಜಿಎಸ್‌ಟಿ ಬಂದಿದ್ದರೆ ಕ್ರೆಡಿಟ್ ದಿನಗಳು ಇನ್ನೂ ಭಾರ. 1,00,000ದ ಬಿಲ್‌ಗೆ 18,000 ತೆರಿಗೆ. ಗಿರಾಕಿ 60 ದಿನ ತೆಗೆದುಕೊಂಡರೂ ತಿಂಗಳ ರಿಟರ್ನ್ ಹಾಕುವವರು ಮುಂದಿನ ತಿಂಗಳ 20ರೊಳಗೆ ಆ ತೆರಿಗೆಯನ್ನು ಕೈಯಿಂದ ಕಟ್ಟಬೇಕು. ಬಾಕಿಯನ್ನು ತಡವಾಗಿ ಕೊಟ್ಟರೂ ಜಿಎಸ್‌ಟಿ ಮೊತ್ತವನ್ನು ಬಿಲ್ ಕೊಟ್ಟ 10 ದಿನದಲ್ಲಿ ಬಿಡಿ ಎಂದು ಕೇಳಿದರೆ ಎಷ್ಟೋ ಕಂಪನಿಗಳು ಒಪ್ಪುತ್ತವೆ. ಹಣ ಕೊಡುವಾಗಲೇ ಗಿರಾಕಿ ಹಿಡಿದುಕೊಳ್ಳುವ ತೆರಿಗೆ, ಅಂದರೆ ಟಿಡಿಎಸ್ ಬಗ್ಗೆಯೂ ಮೊದಲೇ ಕೇಳಿ. ವೃತ್ತಿಪರ ಸೇವೆ ಎಂದು ಹಿಡಿದರೆ ಶೇ. 10, ಗುತ್ತಿಗೆ ಎಂದು ಹಿಡಿದರೆ ವ್ಯಕ್ತಿಗೆ ಶೇ. 1. ಬಿಲ್‌ನಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ದರೆ ಕಡಿತ 1,00,000ದ ಮೇಲೆ ಮಾತ್ರ. ಶೇ. 10ರಲ್ಲಿ ಖಾತೆಗೆ ಬರಬೇಕಾದ್ದು 1,08,000.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಸಾಕು, ಜಿಎಸ್‌ಟಿ ಇದ್ದರೆ ಅದರ ನಂಬರೂ ಬೇಕು. ಕೆಲಸ ಹಿಡಿಯುವ ಮೊದಲೇ ಮಾಡಿಸಿ ನಂಬರನ್ನು ಕೊಟೇಶನ್ ಮತ್ತು ಬಿಲ್‌ನ ತಲೆಯ ಮೇಲೆ ಹಾಕಿರಬೇಕು. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆ) ಕಾಯ್ದೆಯಂತೆ, ಗಿರಾಕಿ ಕೆಲಸ ಒಪ್ಪಿಕೊಂಡ ದಿನದಿಂದ ಹಣ ಕೊಡಲು ಬರಹದ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಪ್ರತಿ ತಿಂಗಳು ಅಸಲಿಗೆ ಸೇರುತ್ತಾ. ಪಿಒದಲ್ಲಿ 90 ದಿನ ಎಂದು ಅಚ್ಚಾಗಿದ್ದರೂ ಇದು ಬದಲಾಗುವುದಿಲ್ಲ. 2023-24ರ ಹಣಕಾಸು ವರ್ಷದಿಂದ, ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಕಂಪನಿಗೆ ಆ ಖರ್ಚನ್ನು ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯುವ ಅವಕಾಶ ನಿಜವಾಗಿ ಹಣ ಕೊಟ್ಟ ವರ್ಷದಲ್ಲೇ ಸಿಗುವುದು. ಹಾಗಾಗಿ ಮಾರ್ಚ್ ಮೊದಲ ವಾರದ ಫೋನಿಗೆ ಬೇರೆ ತಿಂಗಳಿಗಿಂತ ಬೇಗ ಉತ್ತರ ಬರುತ್ತದೆ.

ಜ್ಞಾಪಿಸುವುದಕ್ಕೂ ಲೆಕ್ಕವಿದೆ: ಗಡುವಿಗೆ 3 ದಿನ ಮೊದಲು ಮೆಸೇಜ್, ಗಡುವಿನ ಮರುದಿನ ಫೋನ್, 7ನೇ ದಿನ ಮೇಲ್, 15ನೇ ದಿನ ಹೊಸ ಕೆಲಸ ನಿಲ್ಲಿಸಿದ ಸುದ್ದಿ. ‘ಸ್ವಲ್ಪ ನೋಡಿ ಸರ್’ ಎಂದರೆ ‘ನೋಡೋಣ’ ಎಂಬ ಉತ್ತರ ಬರುತ್ತದೆ. ‘ಸರ್, ಬಿಲ್ ನಂಬರ್ 14, ಮೊತ್ತ 18,500, ಗಡುವು ನಿನ್ನೆ ಇತ್ತು. ಯಾವ ತಾರೀಕಿಗೆ ಹಾಕ್ತೀರಿ ತಿಳಿಸಿ, ಬರೆದುಕೊಳ್ತೀನಿ’ ಎಂದರೆ ತಾರೀಕು ಬರುತ್ತದೆ.

ಅದಕ್ಕೂ ಬಗ್ಗದಿದ್ದರೆ ಬಾಕಿ ವಸೂಲಿಗೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ. ಅಲ್ಲಿ ನಿಲ್ಲುವುದು ಕಾಗದ: ಸಹಿಯಾದ ಕೊಟೇಶನ್ ಅಥವಾ ಪಿಒ, ಬಿಲ್, ಫೈಲ್ ಮುಟ್ಟಿದ ಪುರಾವೆ. ಫೈಲ್ ಪಡೆದ 15 ದಿನದೊಳಗೆ ಗಿರಾಕಿ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ, ಕೊಟ್ಟ ದಿನವೇ ಒಪ್ಪಿಕೊಂಡ ದಿನ ಎಂದು ಕಾಯ್ದೆ ಎಣಿಸುತ್ತದೆ. ಅದಕ್ಕಾಗಿ ಡೌನ್‌ಲೋಡ್ ಲಿಂಕ್ ಕಳಿಸುವಾಗಲೆಲ್ಲ ಚಿತ್ರಗಳ ಸಂಖ್ಯೆ ಮತ್ತು ತಾರೀಕು ಬರೆದು, ‘ಫೈಲ್ ಬಂತು’ ಎಂಬ ಒಂದು ಸಾಲಿನ ಉತ್ತರ ಮೇಲ್‌ನಲ್ಲಿ ಬರುವವರೆಗೂ ಕೇಳುತ್ತೇನೆ. ಆ ಮೇಲ್ ಪ್ರಿಂಟ್ ತೆಗೆದು ಬಿಲ್‌ನ ಹಿಂದೆ ಪಿನ್ ಮಾಡಿಡುತ್ತೇನೆ.