ಚಳಿಗಾಲದ ಫ್ರಾನ್ಸ್: ನಾಲ್ಕೈದು ದಿನಕ್ಕೆ ಯಾವ ಊರು?

ಫ್ರಾನ್ಸ್‌ಗೆ ಹೋಗೋಣ ಅಂದ ಕೂಡಲೇ ಮನೆಯಲ್ಲಿ ಪಟ್ಟಿ ಬೆಳೆಯುತ್ತದೆ. ಐಫೆಲ್ ಟವರ್ ಬೇಕು, ಹಿಮ ಬೇಕು, ಕ್ರಿಸ್‌ಮಸ್ ಸಂತೆ ಬೇಕು, ನೀಸ್‌ನ ಕಡಲೂ ಬೇಕು. ಕೈಯಲ್ಲಿರುವುದು ನಾಲ್ಕೈದು ರಾತ್ರಿ. ಅದೂ ಚಳಿಗಾಲ. ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲಿಗೆ, ಮುಳುಗುವುದು ಸಂಜೆ ಐದರ ಹೊತ್ತಿಗೆ. ಸಿಗುವ ಎಂಟು ಗಂಟೆ ಹಗಲನ್ನು ಸುಮ್ನೆ ರೈಲಿನಲ್ಲಿ ಕಳೆಯುವುದು ಬೇಡ. ಒಂದೇ ಊರು ಹಿಡಿಯಿರಿ. ಸುತ್ತಾಟವೂ ಅದರ ಅಕ್ಕಪಕ್ಕದಲ್ಲೇ ಇರಲಿ. ಆ ಊರನ್ನು ಆರಿಸುವುದು ಹೀಗೆ.

ಹಂತ 1: ಮೊದಲು ತಾರೀಕು, ಆಮೇಲೆ ಊರು

ಸ್ಟ್ರಾಸ್‌ಬರ್ಗ್‌ನ ಕ್ರಿಸ್‌ಮಸ್ ಸಂತೆಗೆ 1570ರಿಂದ ಬಂದ ಇತಿಹಾಸವಿದೆ. ಅದು ನವೆಂಬರ್ ಕೊನೆಗೆ ಶುರುವಾಗಿ, ಹೆಚ್ಚುಕಡಿಮೆ ಡಿಸೆಂಬರ್ 24ಕ್ಕೆ ಮುಗಿಯುತ್ತದೆ. ಶಾಲೆಗೆ ರಜೆ ಸಿಕ್ಕ ಮೇಲೆ ಹೊರಟು 26ಕ್ಕೆ ತಲುಪಿದರೆ ಸಂತೆ ಮುಗಿದಿರುವ ಸಾಧ್ಯತೆಯೇ ಹೆಚ್ಚು. ಪಕ್ಕದ ಕೊಲ್ಮಾರ್‌ನಲ್ಲಿ ಸಾಮಾನ್ಯವಾಗಿ ಹಬ್ಬದ ನಂತರವೂ ಕೆಲವು ದಿನ ಇರುತ್ತದೆ. ಲಿಯಾನ್‌ನ ದೀಪೋತ್ಸವ ಡಿಸೆಂಬರ್ 8ರ ಆಸುಪಾಸಿನಲ್ಲಿ. ಜನ ಕಿಟಕಿಗಳಲ್ಲಿ ಸಾಲು ದೀಪ ಹಚ್ಚಿಡುವುದು ನಮ್ಮ ದೀಪಾವಳಿಯಂತೆಯೇ ಕಾಣುತ್ತದೆ. ಆದರೆ ಆಗ ಜನಜಂಗುಳಿ ಜಾಸ್ತಿ, ತಳ್ಳುಗಾಡಿಯಲ್ಲಿ ಮಗು ಇದ್ದರೆ ಕಷ್ಟ.

ಜನವರಿಯಲ್ಲಿ ಹಬ್ಬದ ಗದ್ದಲ ಇಳಿದಿರುತ್ತದೆ. ಆ ತಿಂಗಳು ಬೇಕರಿಗಳ ತುಂಬ ‘ಗಾಲೆತ್ ದೆ ರುವಾ’ ಎಂಬ ಪದರು ಪದರಾದ ಬಾದಾಮಿ ಕೇಕು. ಒಳಗೆ ಪುಟ್ಟ ಪಿಂಗಾಣಿ ಬೊಂಬೆ ಅಡಗಿರುತ್ತದೆ. ಮನೆಯ ಕಿರಿಯ ಮಗು ಮೇಜಿನ ಕೆಳಗೆ ಕೂತು ಯಾವ ತುಂಡು ಯಾರಿಗೆ ಅಂತ ಕೂಗಿ ಹೇಳುತ್ತದೆ. ಬೊಂಬೆ ಸಿಕ್ಕವರಿಗೆ ಕಾಗದದ ಕಿರೀಟ. ಮಕ್ಕಳಿದ್ದರೆ ಇದನ್ನು ಬಿಡಬೇಡಿ. ಕಚ್ಚುವಾಗ ಮಾತ್ರ ಹಲ್ಲು ಜೋಪಾನ.

ಫೆಬ್ರವರಿಗೆ ಹೋಗುವವರು ಫ್ರೆಂಚ್ ಶಾಲಾ ರಜೆಯ ಪಟ್ಟಿ ನೋಡಲೇಬೇಕು. ದೇಶವನ್ನು ಎ, ಬಿ, ಸಿ ಎಂದು ಮೂರು ವಲಯ ಮಾಡಿ, ಒಂದೊಂದಕ್ಕೂ ಎರಡು ವಾರದ ರಜೆಯನ್ನು ಹಿಂದೆ ಮುಂದೆ ಕೊಡುತ್ತಾರೆ. ಪ್ಯಾರಿಸ್ ಇರುವುದು ಸಿ ವಲಯದಲ್ಲಿ. ಈ ರಜೆಯ ವಾರಗಳಲ್ಲಿ ಆಲ್ಪ್ಸ್‌ನಲ್ಲಿ ಕೋಣೆಯ ಬಾಡಿಗೆ ಏರುತ್ತದೆ.

ಹಂತ 2: ಜೊತೆಗೆ ಯಾರು ಬರುತ್ತಾರೆ?

ಮನೆಯ ಅತಿ ಚಿಕ್ಕವರು ಮತ್ತು ಅತಿ ದೊಡ್ಡವರಿಗೆ ಆಗುವ ಊರೇ ನಿಮ್ಮ ಊರು. ಆಲ್ಪ್ಸ್‌ನ ಊರಾದ ಶಾಮೊನಿಯಲ್ಲಿ ಏಗ್ವಿ ದು ಮಿದಿ ಶಿಖರಕ್ಕೆ ಹೋಗುವ ಕೇಬಲ್ ಕಾರು 1035 ಮೀಟರ್ ಎತ್ತರದ ಊರಿನಿಂದ ಸುಮಾರು ಇಪ್ಪತ್ತು ನಿಮಿಷದಲ್ಲಿ ಹೆಚ್ಚುಕಡಿಮೆ 3,800 ಮೀಟರ್‌ಗೆ ಏರಿಸುತ್ತದೆ. ಮೂರು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಹೃದಯದ ತೊಂದರೆ ಇರುವ ಅಜ್ಜ-ಅಜ್ಜಿ ವೈದ್ಯರನ್ನು ಕೇಳದೆ ಹತ್ತುವುದು ಬೇಡ. ಪ್ಯಾರಿಸ್ ಮೆಟ್ರೊದ ಹಳೆಯ ನಿಲ್ದಾಣಗಳಲ್ಲಿ ಮೆಟ್ಟಿಲೇ ಹೆಚ್ಚು, ಲಿಫ್ಟ್ ಕಮ್ಮಿ. 14ನೇ ಮಾರ್ಗದಲ್ಲಿ ಮಾತ್ರ ಎಲ್ಲ ಕಡೆ ಲಿಫ್ಟ್ ಇದೆ. ಮಂಡಿ ನೋವಿನವರಿಗೆ ಬಸ್ಸೇ ವಾಸಿ.

ಹಂತ 3: ಹಿಮವೋ, ದೀಪವೋ, ಬಿಸಿಲೋ?

ಮೂರರಲ್ಲಿ ಒಂದನ್ನು ಆರಿಸಿ. ಮನೆಯವರೆಲ್ಲ ಕೂತು ಮಾತಾಡಬೇಕಾದ ಹಂತ ಇದು.

ಹಿಮ ಬೇಕು ಅನ್ನುವವರು ಸರೋವರದ ಚಂದ ನೋಡಿ ಆನ್ಸಿಗೆ ಹೋಗುತ್ತಾರೆ. ಆ ಊರು ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ಅಲ್ಲಿ ಹಿಮ ಬಿದ್ದೇ ಬೀಳುತ್ತದೆ ಅನ್ನುವಂತಿಲ್ಲ. ಎತ್ತರದ ಸ್ಕೀ ಊರುಗಳಲ್ಲಿ ಬೇರೆ ತೊಡಕು: ರಜೆಯ ದಿನಗಳಲ್ಲಿ ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ, ಇಡೀ ವಾರಕ್ಕೆ ಬಾಡಿಗೆಗೆ ಕೊಡುವುದೇ ಅಲ್ಲಿನ ರೂಢಿ. ನಾಲ್ಕು ರಾತ್ರಿಯವರಿಗೆ ಇದು ಹೊಂದುವುದಿಲ್ಲ. ಅದಕ್ಕೇ ಶಾಮೊನಿ ಒಳ್ಳೆಯದು. ದಿನದ ಲೆಕ್ಕದ ಹೋಟೆಲುಗಳಿವೆ, ಜಿನೀವಾ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಒಂದೂಕಾಲು ಗಂಟೆ. ಕೇಬಲ್ ಕಾರು ಬೇಡವಾದವರನ್ನು ಮೊಂತಾನ್ವೇರ್‌ನ ಕೆಂಪು ರೈಲು ಹಿಮನದಿ ಕಾಣುವ ಜಾಗಕ್ಕೆ ಕರೆದೊಯ್ಯುತ್ತದೆ. ಸ್ಕೀ ಕಲಿಯುವ ಆಸೆಯನ್ನು ಮಾತ್ರ ಈ ಸಲ ಬಿಡಿ. ಬೂಟು ಬಾಡಿಗೆಗೆ ತಂದು, ಪಾಠಕ್ಕೆ ಸೇರಿ, ಬಿದ್ದು ಏಳುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಮಕ್ಕಳಿಗೆ ಹಿಮದ ಮೇಲೆ ಜಾರುಬಂಡಿ ಸಾಕು.

ದೀಪಗಳು ಬೇಕಾದರೆ ಆಲ್ಸಾಸ್, ಅಂದರೆ ಸ್ಟ್ರಾಸ್‌ಬರ್ಗ್, ಕೊಲ್ಮಾರ್ ಇರುವ ಸೀಮೆ. ಪ್ಯಾರಿಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಟಿಜಿವಿ ಎಂಬ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ. ಅಲ್ಲಿಂದ ಕೊಲ್ಮಾರ್ ಅರ್ಧ ಗಂಟೆ. ಸ್ಟ್ರಾಸ್‌ಬರ್ಗ್‌ನ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಜರ್ಮನಿಯ ಕೇಲ್‌ಗೇ ಇಳಿಯಬಹುದು. ಮಕ್ಕಳಿಗೆ ಇದು ದೊಡ್ಡ ಖುಷಿ. ವಾರಾಂತ್ಯ ತಪ್ಪಿಸಿ, ಸೋಮವಾರದಿಂದ ಗುರುವಾರದೊಳಗೆ ಹೋಗಿ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಇಲ್ಲಿನ ಪ್ರಸಿದ್ಧ ತೆಳು ರೊಟ್ಟಿ ‘ತಾರ್ತ್ ಫ್ಲಾಂಬೆ’ಯ ಮೇಲೆ ಹಂದಿಮಾಂಸದ ಚೂರು ಹಾಕಿರುತ್ತಾರೆ. ‘ಸಾಂ ಲಾರ್ದೋಂ’ ಅಂದರೆ ಅದಿಲ್ಲದೆ ಕೊಡುತ್ತಾರಾ ಕೇಳಿ ನೋಡಿ. ಸುಟ್ಟ ಚೆಸ್ಟ್‌ನಟ್ ಸಂತೆಯಲ್ಲಿ ಸಿಗುತ್ತದೆ.

ಬಿಸಿಲು ಬೇಕಾದರೆ ನೀಸ್. ಜನವರಿಯಲ್ಲೂ ಮಧ್ಯಾಹ್ನ 12-13 ಡಿಗ್ರಿ ಇರುತ್ತದೆ. ಸ್ವೆಟರ್ ಹಾಕಿಕೊಂಡು ಕಡಲ ದಂಡೆಯಲ್ಲಿ ನಡೆಯುವ ಹವೆ. ಕಡಲೆ ಹಿಟ್ಟಿನ ದೊಡ್ಡ ದೋಸೆಯಂಥ ‘ಸೊಕ್ಕ’ವನ್ನು ಒಲೆಯಲ್ಲಿ ಬೇಯಿಸಿ ಬಿಸಿಬಿಸಿ ಕೊಡುತ್ತಾರೆ. ಮೊಟ್ಟೆಯೂ ಇಲ್ಲ, ಮಾಂಸವೂ ಇಲ್ಲ. ಕಡಲಂಚಿನ ರೈಲು ಮುಕ್ಕಾಲು ಗಂಟೆಯೊಳಗೆ ಮೆಂಟನ್ ಎಂಬ ಊರು ಮುಟ್ಟಿಸುತ್ತದೆ. ಫೆಬ್ರವರಿಯಲ್ಲಿ ನೀಸ್‌ನಲ್ಲಿ ಕಾರ್ನಿವಲ್, ಮೆಂಟನ್‌ನಲ್ಲಿ ನಿಂಬೆ ಹಬ್ಬ. ಹಿಮದ ಆಸೆಗೆ ಐಸೋಲಾ 2000 ಎಂಬ ಸ್ಕೀ ಊರು ಸುಮಾರು 90 ಕಿಲೋಮೀಟರ್ ದೂರದಲ್ಲಿದೆ. ಬೆಳಿಗ್ಗೆ ಬೇಗ ಹೊರಟರೆ ಸಂಜೆಗೆ ಹಿಂತಿರುಗಬಹುದು. ನನ್ನನ್ನು ಕೇಳಿದರೆ, ಹಿರಿಯರು ಮತ್ತು ಮಕ್ಕಳು ಇಬ್ಬರೂ ಇರುವ ಕುಟುಂಬಕ್ಕೆ ಫೆಬ್ರವರಿಯ ನೀಸ್‌ಗಿಂತ ಒಳ್ಳೆಯ ಆಯ್ಕೆ ಇಲ್ಲ.

ಹಾಗಾದರೆ ಪ್ಯಾರಿಸ್? ಮಳೆ, ಚಳಿ ಅಂದರೆ ಆಗದವರಿಗೆ ಅದೇ ಸರಿ. ಮ್ಯೂಸಿಯಂ ಒಳಗೆ ಬೆಚ್ಚಗಿರುತ್ತದೆ. 18 ವರ್ಷದೊಳಗಿನವರಿಗೆ ಲೂವ್ರ್ ಉಚಿತ, ಮಂಗಳವಾರ ರಜೆ.

ಹಂತ 4: ಬಾಗಿಲಿನಿಂದ ಬಾಗಿಲಿಗೆ ಎಷ್ಟು ಹೊತ್ತು?

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಆದರೆ ಪ್ಯಾರಿಸ್‌ನಿಂದ ನೀಸ್‌ಗೆ ರೈಲಿನಲ್ಲಿ ಹತ್ತಿರ ಹತ್ತಿರ ಆರು ಗಂಟೆ ಬೇಕು, ಹಾಗಾಗಿ ನೀಸ್‌ವರೆಗೂ ಒಂದೇ ಟಿಕೆಟ್‌ನಲ್ಲಿ ವಿಮಾನ ಹಿಡಿಯಿರಿ. ಚಳಿಗಾಲದಲ್ಲಿ ಸಮಯದ ವ್ಯತ್ಯಾಸ ನಾಲ್ಕೂವರೆ ಗಂಟೆ. ಮಕ್ಕಳು ನಸುಕಿನಲ್ಲೇ ಎದ್ದು ಕೂರುತ್ತಾರೆ, ಮೊದಲ ದಿನಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ಫ್ರಾಂಕ್‌ಫರ್ಟ್, ಸ್ಟಟ್‌ಗಾರ್ಟ್ ಕಡೆ ಇರುವ ಕನ್ನಡಿಗರಿಗೆ ಸ್ಟ್ರಾಸ್‌ಬರ್ಗ್ ಪಕ್ಕದಲ್ಲೇ ಇದೆ. ಲಂಡನ್‌ನವರಿಗೆ ಯೂರೋಸ್ಟಾರ್ ರೈಲಿನಲ್ಲಿ ಪ್ಯಾರಿಸ್ ಎರಡೂವರೆ ಗಂಟೆಯೊಳಗೆ.

ಹಂತ 5: ಬುಕ್ ಮಾಡುವ ಕ್ರಮ

ಫ್ರಾನ್ಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು ಪ್ರಯಾಣಕ್ಕೆ 15 ದಿನ ಮೊದಲು, ಅಲ್ಲಿವರೆಗೆ ಕಾಯಬೇಡಿ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇರಬೇಕು. ಬ್ರಿಟನ್‌ನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇರುವವರಿಗೂ ಈ ವೀಸಾ ಬೇಕು. ವೀಸಾ ಕೈಗೆ ಬರುವವರೆಗೆ, ರದ್ದು ಮಾಡಿದರೆ ಹಣ ವಾಪಸ್ ಸಿಗುವ ಹೋಟೆಲನ್ನೇ ಹಿಡಿಯಿರಿ. ಟಿಜಿವಿ ಟಿಕೆಟ್ ದಿನ ಹತ್ತಿರ ಬಂದಷ್ಟೂ ದುಬಾರಿ. ಬೆಟ್ಟದ ಕಡೆ ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಚಳಿಗಾಲದ ಟೈರು ಅಥವಾ ಚೈನು ಇದೆಯಾ ಎಂದು ಮೊದಲೇ ಕೇಳಿ. ಗುಡ್ಡಗಾಡಿನ ಅನೇಕ ಊರುಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಅದು ಕಡ್ಡಾಯ.

ಡಿಸೆಂಬರ್ 25 ಮತ್ತು ಜನವರಿ 1ರಂದು ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಆ ದಿನಗಳಲ್ಲಿ ಅಲ್ಲಿರುವುದಾದರೆ ಪುಟ್ಟ ಅಡುಗೆಮನೆ ಇರುವ ವಸತಿ ನೋಡಿ. ಹಾಲು, ಮೊಸರು, ಅಕ್ಕಿಯನ್ನು ಹಿಂದಿನ ದಿನ ಮಧ್ಯಾಹ್ನದೊಳಗೇ ತಂದಿಟ್ಟುಕೊಳ್ಳಿ.