ತಾರಸಿ ತೋಟದ ಟೈಮರ್ ಕೈಕೊಟ್ಟಿತೇ? ಟ್ಯಾಂಕಿನಿಂದ ಕುಂಡದವರೆಗೆ ಹುಡುಕಿ

ಧಾರವಾಡದಲ್ಲಿ ಮದುವೆ ಮುಗಿಸಿ ನಾಲ್ಕನೇ ದಿನ ಬೆಂಗಳೂರಿಗೆ ಮರಳಿದಾಗ ತಾರಸಿಯ ಕರಿಬೇವು ಎಲೆಯೆಲ್ಲ ಉದುರಿಸಿ ನಿಂತಿತ್ತು. ಸಾಲಿನ ಕೊನೆಯ ಕುಂಡದ ದೊಡ್ಡಪತ್ರೆ ಬುಡ ಕೊಳೆತು ಮಲಗಿತ್ತು. ಎರಡಕ್ಕೂ ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಟ್ಟು ನಿಲ್ಲಿಸುವ ಒಂದೇ ಟೈಮರ್, ಒಂದೇ ಪೈಪು! ಆರು ವರ್ಷ ಸಾಕಿದ ಕರಿಬೇವು ಅದು. ಸಂಕಟ ತಡೆಯದೆ ಟೈಮರನ್ನೇ ಬದಲಿಸಿದೆ. ಹೊಸದೂ ಎರಡು ವಾರಕ್ಕೆ ಅದೇ ಹಾಡು ಹಾಡಿತು. ಹುಡುಕಬೇಕಾದದ್ದು ನೀರು ಹರಿಯುವ ದಾರಿಯನ್ನು, ಮೇಲಿನಿಂದ ಕೆಳಕ್ಕೆ.

ಮೊದಲು ಒತ್ತಡ. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು ಸುಮಾರು 1 ಬಾರ್ ಒತ್ತಡ. ತಾರಸಿಯ ಟ್ಯಾಂಕು ಕಟ್ಟೆಯ ಮೇಲಿದ್ದರೂ ಕುಂಡಗಳಿಗಿಂತ ಎರಡು ಮೂರು ಮೀಟರ್ ಎತ್ತರ ಅಷ್ಟೇ; ಅಂದರೆ 0.2–0.3 ಬಾರ್. ಅನೇಕ ಟೈಮರ್‌ಗಳ ಸೊಲೆನಾಯ್ಡ್ ವಾಲ್ವು (ವಿದ್ಯುತ್ ಕಾಂತದಿಂದ ನಡೆಯುವ ಕವಾಟ) ಸರಿಯಾಗಿ ತೆರೆದು ಮುಚ್ಚಲು ನೀರಿನ ಒತ್ತಡವನ್ನೇ ನೆಚ್ಚಿಕೊಂಡಿರುತ್ತದೆ. ಅದು ಸಾಲದಿದ್ದರೆ ತೆರೆಯುವುದಿಲ್ಲ, ಇಲ್ಲವೇ ಪೂರ್ತಿ ಮುಚ್ಚದೆ ರಾತ್ರಿಯಿಡೀ ಒಸರುತ್ತದೆ. ಟ್ಯಾಂಕಿನ ನೀರಿಗೆ ಮೋಟರಿನಿಂದ ತಿರುಗುವ ಬಾಲ್ ವಾಲ್ವಿನ ಟೈಮರೇ ಸೂಕ್ತ. ಕೊಳ್ಳುವಾಗ ‘ಒತ್ತಡ ಇಲ್ಲದಿದ್ದರೂ ನಡೆಯುತ್ತದೆಯೇ’ ಎಂದು ಕೇಳಿಯೇ ಕೊಳ್ಳಿ. ಒಸರುವ ನೀರನ್ನು ಹಗುರವಾಗಿ ಕಾಣಬೇಡಿ. 2024ರ ಮಾರ್ಚಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಟ್ಟ ಹತ್ತಿಸಿ ತಂದ ಕಾವೇರಿ ನೀರು ಅದು.

ಬಳಿಕ ಸೆಲ್. ವಾಲ್ವು ತೆರೆದಿರುವಾಗಲೇ ಸೆಲ್ ಮುಗಿದರೆ ಕೆಲವು ಟೈಮರ್‌ಗಳಲ್ಲಿ ಅದು ತೆರೆದೇ ಉಳಿಯುತ್ತದೆ. ಊರಿಗೆ ಹೊರಡುವ ಮುನ್ನ ಹೊಸದು ಹಾಕಿಬಿಡಿ.

ಆಮೇಲೆ ಪೈಪಿನ ಫಿಲ್ಟರ್. ಅದರ ಜಾಲರಿ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಫಿಲ್ಟರೇ ಇಲ್ಲದಿದ್ದರೆ ಅಂಗುಲಕ್ಕೆ 120 ಕಣ್ಣಿನ, ಅಂದರೆ 120 ಮೆಶ್‌ನದು ಹಾಕಿಸಿ.

ಇನ್ನು ನಿಜವಾದ ಪರೀಕ್ಷೆ. ಕುಂಡಕ್ಕೆ ಹನಿಹನಿಯಾಗಿ ನೀರು ಬಿಡುವ ಪ್ರತಿ ಡ್ರಿಪ್ಪರಿನ ಕೆಳಗೂ ಒಂದೊಂದು ಲೋಟ ಇಟ್ಟು ಐದು ನಿಮಿಷ ನೀರು ಬಿಡಿ. ಗಂಟೆಗೆ 4 ಲೀಟರ್ ಎಂದು ಬರೆದ ಡ್ರಿಪ್ಪರ್ ಐದು ನಿಮಿಷಕ್ಕೆ 330 ಮಿಲಿಲೀಟರ್ ಕೊಡಬೇಕು. ಆದರೆ ಆ ಲೆಕ್ಕ ಸಾಮಾನ್ಯವಾಗಿ 1 ಬಾರ್‌ನದು. ಟ್ಯಾಂಕಿನ ಒತ್ತಡಕ್ಕೆ ಅದರ ಅರ್ಧ ಬಂದರೂ ಸರಿಯೇ. ನೋಡಬೇಕಾದದ್ದು ಲೋಟಗಳ ನಡುವಿನ ವ್ಯತ್ಯಾಸ. ನಮ್ಮ ಕರಿಬೇವಿನ ಲೋಟದ ತಳ ಮಾತ್ರ ಒದ್ದೆಯಾಗಿತ್ತು. ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಸುಣ್ಣ ಡ್ರಿಪ್ಪರಿನ ಬಾಯಿ ಕಟ್ಟಿತ್ತು. ಅಂಥವನ್ನು ಕಿತ್ತು, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿದ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಊದಿ ತೊಳೆಯಿರಿ. ಸೂಜಿ ಚುಚ್ಚಬೇಡಿ, ತೂತು ದೊಡ್ಡದಾಗಿ ಅಳತೆ ಕೆಡುತ್ತದೆ. ಒಳಗೆ ಹಸಿರು ಲೋಳೆ ಕಂಡರೆ ಅದು ಪಾಚಿ. ಬಿಸಿಲು ಹಾಯುವ ತಿಳಿ ಪೈಪನ್ನು ತೆಗೆದು ಕಪ್ಪು ಪೈಪು ಎಳೆಯಿರಿ. ಅಳಿಲು ಕಡಿದ ಗುರುತು ಇದೆಯೇ ಎಂದೂ ಬೆರಳಾಡಿಸಿ ನೋಡಿ.

ಒಂದು ಲೋಟ ಮಾತ್ರ ತುಂಬಿ ಹರಿದರೆ ಅಲ್ಲಿನ ಡ್ರಿಪ್ಪರ್ ಕಳಚಿರಬಹುದು. ಕಳಚಿಲ್ಲದಿದ್ದರೆ ಆ ಕುಂಡ ತಗ್ಗಿನಲ್ಲಿದೆಯೇ ನೋಡಿ. ವಾಲ್ವು ಮುಚ್ಚಿದ ಮೇಲೂ ಪೈಪಿನಲ್ಲಿ ಉಳಿದ ನೀರು ತಗ್ಗಿಗೇ ಇಳಿಯುತ್ತದೆ. ದೊಡ್ಡಪತ್ರೆ ಇದ್ದದ್ದು ನೀರು ಹೋಗುವ ಮೋರಿಯ ಬಳಿ, ಇಳಿಜಾರಿನ ತುದಿಯಲ್ಲಿ. ವಾಲ್ವು ಒಸರಿದ್ದೆಲ್ಲ ಅದರ ಪಾಲಿಗೇ ಬಂದಿತ್ತು. ಅಂಥ ಜಾಗಕ್ಕೆ ಎರಡು ಇಟ್ಟಿಗೆ ಕೊಟ್ಟು ಕುಂಡ ಎತ್ತರಿಸಿ, ನೀರು ಹೆಚ್ಚು ಬೇಡುವ ಗಿಡವನ್ನೇ ಇಡಿ.

ತಿಂಗಳಿಗೊಮ್ಮೆ ಪೈಪಿನ ತುದಿಯ ಮುಚ್ಚಳ ತೆಗೆದು, ತಿಳಿನೀರು ಬರುವವರೆಗೆ ಹರಿಯಬಿಡಿ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದರೆ ಗಿಡಕ್ಕೇ ಆಯಿತು.

ಇಷ್ಟಾದ ಮೇಲೆ, ಊರಿಗೆ ಹೊರಡುವ ಮೂರು ದಿನ ಮೊದಲೇ ಟೈಮರಿಗೆ ಕೆಲಸ ಒಪ್ಪಿಸಿ. ನೀವು ಮನೆಯಲ್ಲೇ ಇದ್ದು, ಕೈಯಿಂದ ಒಂದು ಚೊಂಬೂ ಹಾಕದೆ, ದಿನಾ ಬೆಳಿಗ್ಗೆ ಕುಂಡಗಳ ಮಣ್ಣಿನಲ್ಲಿ ಬೆರಳೂರಿ ನೋಡಿ.