ನಾಲ್ಕೆಲೆ ಜರೀಗಿಡ ಕೊನೆಗೂ ಹಬ್ಬಿತು

ಕಾಸರಗೋಡಿನ ಬದಿಯಡ್ಕದ ಹತ್ತಿರದ ಗದ್ದೆಯಿಂದ ಮಾರ್ಸಿಲಿಯಾ ಅನ್ನುವ ಈ ನಾಲ್ಕೆಲೆ ಜರೀಗಿಡ ತಂದಿದ್ದೆ. ತಮಿಳಿನಲ್ಲಿ ಆರೈಕೀರೆ ಅನ್ನುತ್ತಾರಲ್ಲ, ಅದೇ. ಕಂಗಿನ ತೋಟದ ನೆರಳಲ್ಲಿದ್ದ ಸಿಮೆಂಟ್ ತೊಟ್ಟಿಗೆ ಹಾಕಿ, ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನು ಒಂದೂವರೆ ಅಡಿ ತುಂಬಿಸಿದೆ. ಎರಡೇ ವಾರ. ತೊಟ್ಟು ನೂಲಿನ ಹಾಗೆ ಉದ್ದವಾಯಿತು, ಎಲೆ ಹಳದಿಯಾಯಿತು, ಗೊಬ್ಬರ ಜಾಸ್ತಿಯಾಗಿ ಪಾಚಿಯೂ ಬಂತು. ಸಂಜೆ ಎಲೆಗಳೆಲ್ಲ ಮಡಚಿಕೊಂಡಿದ್ದು ನೋಡಿ ಸತ್ತೇ ಹೋಯಿತು ಅಂದುಕೊಂಡೆ, ಆದರೆ ಅದು ಈ ಗಿಡ ರಾತ್ರಿ ಮಲಗುವ ರೀತಿ ಅಂತೆ, ಸುಮ್ನೆ ಹೆದರಿದ್ದೆ.

ಆಮೇಲೆ ಅಗಲದ ಟಬ್ ತಂದು ಅಂಗಳದ ಬಿಸಿಲಿಗೆ ಇಟ್ಟೆ. 4 ಇಂಚು ಗದ್ದೆ ಕೆಸರು, ಮೇಲೆ 2 ಇಂಚು ನೀರು, ಗೊಬ್ಬರ ಇಲ್ಲ. ನನ್ನ ದೊಡ್ಡ ತಪ್ಪು ಬಳ್ಳಿಯಂಥ ಕಾಂಡವನ್ನು ಆಳಕ್ಕೆ ಹೂತದ್ದು. ಬೇರು ಗೆಣ್ಣಿನಿಂದ ಬರುತ್ತದೆ, ಹಾಗಾಗಿ ಈ ಸಲ ಕೆಸರಿನ ಮೇಲೆ ಮಲಗಿಸಿ ಸಣ್ಣ ಕಲ್ಲು ಹೇರಿದೆ ಅಷ್ಟೇ. ತಿಂಗಳಲ್ಲಿ ಟಬ್ ತುಂಬಿ ಎಲೆಗಳು ನೀರಿನಿಂದ ಮೇಲೆದ್ದು ನಿಂತವು.

ಬೇಸಿಗೆಯಲ್ಲಿ ನೀರು ಬತ್ತಿದಾಗ ಬುಡದಲ್ಲಿ ಹುರುಳಿಕಾಳಿನಂಥ ಗಟ್ಟಿ ಕಾಯಿಗಳು ಸಿಕ್ಕವು. ಬೀಜ ಅಲ್ಲ, ಬೀಜಕಗಳ (ಜರೀಗಿಡ ಬೀಜದ ಬದಲು ಬಿಡುವ ಸಣ್ಣ ಕಣಗಳ) ಚೀಲ. ಹಾಗೇ ನೆನೆಹಾಕಿದರೆ ಏನೂ ಆಗಲಿಲ್ಲ. ಅಂಚನ್ನು ಬ್ಲೇಡಿನಿಂದ ಚೂರು ಕೆತ್ತಿ ಹಾಕಿದೆ ನೋಡಿ, ಲೋಳೆಯ ಹುಳುವಿನ ಹಾಗೊಂದು ಎಳೆ ಉಬ್ಬಿಕೊಂಡು ಹೊರಗೆ ಬಂತು!